ಎರಡೂ ಕಡೆಗೆ ಒಬ್ಬಳೇ ಅಜ್ಜಿ

“ತಾಯಿ ಕಡೆ ಯಾರಿಗಾದರೂ ಕ್ಯಾನ್ಸರ್ ಇತ್ತಾ? ತಂದೆ ಕಡೆ?” ಬಳ್ಳಾರಿಯ ಡಾಕ್ಟರಮ್ಮ ನನ್ನನ್ನು ಕೇಳಿದರು. ಎದೆಯಲ್ಲಿ ಕೈಗೆ ಸಿಕ್ಕ ಕಡಲೆಕಾಳಿನಷ್ಟು ಗಂಟನ್ನು ತೋರಿಸಲು ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ, ನಮ್ಮೂರು ರಾರಾವಿಯಿಂದ ಜೊತೆಗೆ ಬಂದಿದ್ದ ಅಜ್ಜಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು.

“ಎರಡೂ ಕಡೀದು ನನ್ನೇ ಕೇಳ್ರಿ. ತಾಯಿ ಕಡಿಯಿಂದ ನಾನು ಈಕಿಗೆ ಅಜ್ಜಿ, ತಂದಿ ಕಡಿಯಿಂದ ಸೋದರತ್ತಿ. ನನ್ನ ಮಗಳನ್ನ ನನ್ನ ತಮ್ಮಗೇ ಕೊಟ್ಟೀನಿ. ನಮ್ಮ ಮನ್ಯಾಗ ಆ ರೋಗ ಯಾರಿಗೂ ಇಲ್ಲ.”

ಎರಡು ಕಾಲಮ್ಮಿನ ಫಾರಂ ಮೇಲೆ ಡಾಕ್ಟರಮ್ಮನ ಪೆನ್ನು ನಿಂತುಬಿಟ್ಟಿತು. ನಿಮಗೆ ಅಕ್ಕತಂಗಿಯರು ಎಷ್ಟು ಜನ, ಹೇಗಿದ್ದಾರೆ ಎಂದು ಅಜ್ಜಿಯನ್ನೇ ಕೇಳಿದರು.

“ಇಬ್ರು ಇದ್ರು, ತೀರ್ಕೊಂಡ್ರು. ಇಬ್ರಿಗೂ ಎದ್ಯಾಗ ಗಡ್ಡಿ ಆಗಿತ್ತು. ನಾಚ್ಕಿ ಪಟ್ಕೊಂಡು ಯಾರಿಗೂ ತೋರಿಸ್ಲಿಲ್ಲ. ಆದ್ರ ಕ್ಯಾನ್ಸರ್ ಯಾರಿಗೂ ಆಗಿಲ್ರಿ.”

ಡಾಕ್ಟರಮ್ಮ ಅದನ್ನು ಎರಡೂ ಕಾಲಮ್ಮಿನಲ್ಲಿ ಬರೆದರು. ಬರೆಯುವ ಕೈಯನ್ನೇ ನೋಡುತ್ತಿದ್ದ ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡು, “ಹಂಗಾದ್ರ ಅದೂ ಇದೇ ಏನ್ರಿ?” ಅಂದಳು.

ನನ್ನದು ಕ್ಯಾನ್ಸರೇ ಆಗಿತ್ತು. ಬೇಗ ಸಿಕ್ಕಿದ್ದರಿಂದ ಆಪರೇಷನ್ ಆಗಿ ಈಗ ಆರಾಮಾಗಿದ್ದೇನೆ. ಮರುತಿಂಗಳೇ ಅಜ್ಜಿ ನಮ್ಮ ಬಳಗದ ಒಂಬತ್ತು ಹೆಣ್ಣುಮಕ್ಕಳನ್ನು ಟೆಂಪೊದಲ್ಲಿ ತುಂಬಿಸಿಕೊಂಡು ಅದೇ ಬಾಗಿಲಿಗೆ ಬಂದಳು. ಏನಾಗಿದೆ ಎಂದು ನರ್ಸ್ ಮೆಲ್ಲಗೆ ಕೇಳಿದರೆ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ ಹೇಳಿದಳು: “ಕ್ಯಾನ್ಸರ್ ಐತೇನು ನೋಡಿಸಾಕ ಬಂದೀವ್ರಿ. ನಮ್ಮ ಮನ್ಯಾಗ ಐತಿ.”