ನೇಬರ್ ಅಂದ್ರ ಏನ ಅಕ್ಕಾ?

ಇವತ್ತು ನಿಪ್ಪಾಣಿಯಲ್ಲಿ ಬಸ್ಸಿಳಿದ ಕೂಡಲೇ ತಂಬಾಕಿನ ಘಾಟು ಮೂಗಿಗೆ ಬಡಿಯಿತು. ಅಕ್ಕ ನೆನಪಾದಳು.

ಏಳನೆಯ ತರಗತಿಗೇ ಶಾಲೆ ಬಿಡಿಸಿದ್ದರಿಂದ ಅಕ್ಕ ಮನೆಯಲ್ಲಿ ಬೀಡಿ ಕಟ್ಟುತ್ತಿದ್ದಳು. ನಾನು ಕೇಳಿದ ಇಂಗ್ಲಿಷ್ ಶಬ್ದಗಳಿಗೆಲ್ಲ ಕೈ ನಿಲ್ಲಿಸದೆ ಅರ್ಥ, ಸ್ಪೆಲ್ಲಿಂಗ್ ಹೇಳುತ್ತಿದ್ದಳು. ನಾನು ಎಂಟನೆಯ ತರಗತಿಗೆ ಹೋದ ಮೇಲೆ ಒಂದು ಸಂಜೆ, "ನೇಬರ್ ಅಂದ್ರ ಏನ ಅಕ್ಕಾ?" ಎಂದೆ.

ಅವಳ ಕೈ ನಿಂತಿತು. "ನನಗ ಗೊತ್ತಿಲ್ಲ ತಂಗಿ. ನಾಳೆ ಮಾಸ್ತರಿಗೆ ಕೇಳಿ ಬಂದು ನನಗೂ ಹೇಳ."

ಮರುದಿನ ಶಾಲೆಯಿಂದ ಓಡಿಬಂದು ಹೇಳಿದೆ. ಅಕ್ಕ "ಬಾಜೂ ಮನಿಯವ್ರು!" ಎಂದು ನಕ್ಕು, ಸ್ಪೆಲ್ಲಿಂಗ್ ಬಾಯಿಪಾಠ ಮಾಡತೊಡಗಿದಳು.

ಒಳಗಿನಿಂದ ಅಪ್ಪ, "ಬೀಡಿ ಕಟ್ಟಾಕ ಇಂಗ್ಲಿಷ್ ಯಾಕ ಬೇಕ ಬೇ ನಿನಗ?" ಎಂದ.

ಅಕ್ಕ ತಲೆ ತಗ್ಗಿಸಿ ಮತ್ತೊಂದು ಎಲೆ ಎತ್ತಿಕೊಂಡಳು.

ನಾನೀಗ ರಾಯಬಾಗದಲ್ಲಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೇನೆ. ಅಕ್ಕ ತೀರಿಕೊಂಡು ವರ್ಷವಾಯಿತು. ಅಪ್ಪ ಹಾಗೆಂದ ಮೇಲೆ ಅವಳು ನನ್ನನ್ನು ಒಂದೇ ಒಂದು ಶಬ್ದದ ಅರ್ಥವನ್ನೂ ಕೇಳಲಿಲ್ಲ.