ತಂಬಿಗೆ ನೀರಿನ ಸಪ್ಪಳ

ಮಿರಜದ ಆಸ್ಪತ್ರೆಯಲ್ಲಿ ಅಕ್ಕನ ಹೊಟ್ಟೆಯ ಗಡ್ಡೆ ತೆಗೆಯಬೇಕಿದ್ದ ಬೆಳಿಗ್ಗೆಯೇ ಅಂಕಲಿಯ ನಮ್ಮ ಮನೆಯಲ್ಲಿ ಕರೆಂಟ್ ಹೋಯಿತು. ಹೋಗುವುದು ನಮಗೇನು ಹೊಸದಲ್ಲ. ಆದರೆ ಬಂದ ಮೇಲೆ ಅವಳ ಮೀನಿನ ತೊಟ್ಟಿಯ ಪಂಪ್ ತಿರುಗಲಿಲ್ಲ. ಫ್ಯಾನ್ ತಿರುಗಿತು, ಟಿ.ವಿ. ಹತ್ತಿತು, ಮುಷ್ಟಿಗಾತ್ರದ ಆ ಪಂಪ್ ಮಾತ್ರ ನೀರೊಳಗೆ ಸುಮ್ಮನೆ ಕೂತಿತ್ತು.

ಆ ಗಾಜಿನ ತೊಟ್ಟಿಯನ್ನು ಅಕ್ಕ ನಿಪ್ಪಾಣಿಯಿಂದ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದಳು. "ಹೊಳ್ಯಾಗ ಬೇಕಾದಷ್ಟ ಮೀನ ಅದಾವ, ಮನ್ಯಾಗ ಯಾಕ ಜೇಲು?" ಎಂದು ಅಪ್ಪ ಕಾಡಿಸಿದ್ದ. ಅವಳು ಕ್ಯಾರೇ ಅನ್ನಲಿಲ್ಲ. ತೊಟ್ಟಿ ಚಿಕ್ಕದು, ಕೆಂಪು ಮೀನುಗಳು ತಿಂದು ತಿಂದು ಗೇಣುದ್ದ ಆಗಿದ್ದವು. ಪಂಪ್ ನೀರನ್ನು ಎತ್ತಿ ಸುರಿಯುತ್ತಿದ್ದರಷ್ಟೇ ಅವಕ್ಕೆ ಉಸಿರು. ಆಸ್ಪತ್ರೆಗೆ ಹೊರಡುವಾಗ ಅಕ್ಕ, ಅಪ್ಪ-ಅವ್ವ ಇಬ್ಬರಿಗೂ "ನೀವು ಬಂದ್ರ ನಿಮ್ಮನ್ನ ನಾನ ಸಂಭಾಳಸಬೇಕಾಗ್ತೈತಿ" ಎಂದು ಹೇಳಿ, ಅವ್ವನ ತಂಗಿಯನ್ನು ಜೊತೆಗೆ ಕರೆದುಕೊಂಡಳು. ನನಗೆ ಹೇಳಿದ್ದು ಒಂದೇ ಮಾತು: "ತಮ್ಮಾ, ಮೀನ ನೋಡಕೋ."

ಈಗ ಆ ಮೀನುಗಳು ಮೇಲೆ ಬಂದು ಬಾಯಿ ಬಿಡತೊಡಗಿದ್ದವು.

"ಇವತ್ತ ಈ ಮನ್ಯಾಗ ಒಂದ ಜೀವಾನೂ ಹೋಗಬಾರದು, ತಿಳೀತಿಲ್ಲೋ?" ಎಂದಳು ಅವ್ವ. ಶಕುನ ಗಿಕುನ ನಂಬುವವನಲ್ಲ ನಾನು. ಆದರೂ ತೊಟ್ಟಿಯ ಹತ್ತಿರ ಓಡಿದೆ.

ಪ್ಲಗ್ ತೆಗೆದು ಬೇರೆ ಬೋರ್ಡಿಗೆ ಚುಚ್ಚಿದೆ. ಗಾಜಿಗೆ ಕಿವಿ ಹಚ್ಚಿದರೆ ಒಳಗೆ ಸಣ್ಣಗೆ ಗುಂಯ್ ಎನ್ನುತ್ತಿತ್ತು. ಕರೆಂಟ್ ಬರುತ್ತಿದೆ, ಆದರೆ ತಿರುಗುತ್ತಿಲ್ಲ. "ಗಾಳಿ ಹಿಡದೈತಿ," ಎಂದ ಅಪ್ಪ. ಹೊಳೆದಂಡೆಯ ಮೋಟಾರ್ ನೀರೆತ್ತದಿದ್ದರೆ ಪೈಪಿನ ಬಾಯಿಗೆ ಕೊಡಗಟ್ಟಲೆ ನೀರು ಸುರಿದು ಗಾಳಿ ಹೊರಗೆ ಹಾಕುವುದು ಅವನ ಜೀವಮಾನದ ಕೆಲಸ. ಪ್ಲಗ್ ಕಿತ್ತು, ಪಂಪನ್ನು ನೀರೊಳಗೇ ಅತ್ತಿತ್ತ ವಾಲಿಸಿದ. ಗುಳ್ಳೆಗಳೇನೋ ಬಂದವು. ಪಂಪ್ ಜಪ್ಪಯ್ಯ ಅಂದರೂ ತಿರುಗಲಿಲ್ಲ.

ನಾನು ಸ್ಕ್ರೂಡ್ರೈವರ್ ಹುಡುಕಲು ಒಳಗೆ ಹೋದೆ. ಬರುವಷ್ಟರಲ್ಲಿ ಅಪ್ಪ ಹೊಳೆ ಮೋಟಾರಿನ ಎಣ್ಣೆ ಡಬ್ಬಿ ತಂದು, ಪಂಪಿನ ಬಾಯಿಗೆ ಎಣ್ಣೆ ಬಿಟ್ಟು, ಮತ್ತೆ ನೀರಿಗಿಳಿಸಿ ಆಗಿತ್ತು. ನೀರಿನ ಮೇಲೆ ಎಣ್ಣೆ ಬಣ್ಣ ಬಣ್ಣವಾಗಿ ಹರಡುತ್ತಿತ್ತು.

"ಏನ ಮಾಡಿದ್ಯೋ ಅಪ್ಪಾ! ಅವು ಉಸರಾಡೂದು ಹೆಂಗ?"

ಅಪ್ಪನ ಮೇಲೆ ಅಷ್ಟು ಜೋರಾಗಿ ನಾನೆಂದೂ ಕೂಗಿರಲಿಲ್ಲ. "ಮೋಟಾರ ಅಂದ್ರ ಮೋಟಾರ ಅಲ್ಲೇನಲೇ..." ಎಂದ. ದನಿ ಅರ್ಧಕ್ಕೇ ನಿಂತಿತು.

ಅವ್ವ ಕೊಟ್ಟ ಹಳೇ ಮರಾಠಿ ಪೇಪರುಗಳನ್ನು ನೀರಿನ ಮೇಲೆ ಹಾಸಿ ಎಳೆದು ಎಣ್ಣೆ ತೆಗೆದೆ. ಅಷ್ಟರಲ್ಲಿ ಒಂದು ಮೀನು ವಾಲಿ ಮಗ್ಗುಲಾಗಿತ್ತು. ಯಾರೂ ಹೇಳದೆಯೇ ಅಪ್ಪ ತಂಬಿಗೆ ತಂದು, ತೊಟ್ಟಿಯ ನೀರನ್ನೇ ಮೊಗೆದು ಎತ್ತರದಿಂದ ಸುರಿಯತೊಡಗಿದ. ನೊರೆ ಎದ್ದಿತು. ಮೀನುಗಳು ಅಲ್ಲಿಗೇ ಸರಿದವು.

ಆಗ ಮೊಬೈಲ್ ಬಡಿದುಕೊಂಡಿತು. ಅಕ್ಕ.

"ಒಳಗ ಕರ್ಯಾಕತ್ತಾರ. ನನ್ನ ಮೀನಿನ ನೀರಿನ ಸಪ್ಪಳ ಒಂದೀಟ ಕೇಳಸು."

ನಾನು ಮೊಬೈಲನ್ನು ತೊಟ್ಟಿಯ ಹತ್ತಿರ ಹಿಡಿದೆ. ಅಪ್ಪ ಧಾರೆ ಕಡಿಯದಂತೆ ಹುಷಾರಾಗಿ ಸುರಿದ. ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದಳು. ನಾನು ಮೊಬೈಲನ್ನು ಮತ್ತೆ ಕಿವಿಗೆ ಹಚ್ಚಿದೆ.

"ಪಂಪ್ ಬಂದ್ ಬಿದ್ದೈತಿ, ಹೌದಿಲ್ಲೋ? ತಂಬಿಗೀಲೆ ಸುರವಾಕತ್ತಾನ ಅಪ್ಪ."

"ಹೂಂ," ಎಂದೆ.

"ಕೈ ಬದಲ ಮಾಡಕೋ ಅಂತ ಹೇಳು. ಬಲಗಡೆ ಭುಜ ನೋಯ್ತೈತಿ ಅವಂಗ." ಫೋನ್ ಇಟ್ಟಳು.

ಹೇಳಿದೆ. ಅಪ್ಪ ತಲೆ ಎತ್ತಲಿಲ್ಲ, ಕೈಯನ್ನೂ ಬದಲಿಸಲಿಲ್ಲ.

ಪಂಪ್ ಬಿಚ್ಚಿದೆ. ಒಳಗಿನ ಪುಟ್ಟ ಚಕ್ರಕ್ಕೆ ಬೋರ್ ನೀರಿನ ಬಿಳಿ ಸುಣ್ಣ ಗಟ್ಟಿಯಾಗಿ ಮೆತ್ತಿಕೊಂಡಿತ್ತು. "ನಮ್ಮ ಹಂಡ್ಯಾಗ ಹತ್ತೂ ಹೊಲಸನ ಇದು," ಎಂದು ಅವ್ವ ಒಳಗೋಡಿ ಹುಣಸೆಹಣ್ಣು ಕಿವುಚಿ ತಂದಳು. ನೆನೆಸಿ, ತಿಕ್ಕಿ, ತೊಳೆದು, ಮತ್ತೆ ನೆನೆಸಿದೆವು. ಚಕ್ರ ಎರಡು ಸಲ ಕೈಯಿಂದ ಜಾರಿ ಬಿತ್ತು. ಕೊನೆಗೆ ಬೆರಳಿಂದ ದೂಡಿದರೆ ಸಲೀಸಾಗಿ ತಿರುಗಿತು. ಜೋಡಿಸಿ, ನೀರಿಗಿಳಿಸಿ, ಸ್ವಿಚ್ ಒತ್ತಿದೆ. ಒಮ್ಮೆ ಕೊಸರಾಡಿ ನೀರು ಚಿಮ್ಮಿತು. ವಾಲಿದ್ದ ಮೀನು ನಿಧಾನವಾಗಿ ನೆಟ್ಟಗಾಯಿತು.

"ಚಾಲೂ ಆತಲ್ಲ, ಬಿಡ್ರಿ ಇನ್ನ," ಎಂದಳು ಅವ್ವ.

"ಫೋನ್ ಬರ್ಲಿ," ಎಂದ ಅಪ್ಪ. ತಂಬಿಗೆಯನ್ನು ಎಡಗೈಗೆ ಬದಲಿಸಿದ.

ಊಟಕ್ಕೆ ಕರೆದರೂ ಏಳಲಿಲ್ಲ. ಪಂಪ್ ತನ್ನ ಪಾಡಿಗೆ ತಾನು ಸುರಿಯುತ್ತಿತ್ತು, ಪಕ್ಕದಲ್ಲಿ ಅಪ್ಪನೂ ಸುರಿಯುತ್ತಿದ್ದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಚಿಕ್ಕಮ್ಮನ ಫೋನ್ ಬಂತು, ಅವ್ವ ಎತ್ತಿದಳು. ಮೊದಲ ಮಾತಿಗೇ ಅವ್ವ ನೆಲಕ್ಕೆ ಕುಸಿದು ಅಳತೊಡಗಿದಳು. ತಂಬಿಗೆ ಹಿಡಿದ ಅಪ್ಪನ ಕೈ ಹಾಗೇ ನಿಂತಿತು.

"ಚಲೋ ಆಗೇತಂತ ಅಪ್ಪಾ! ಎಚ್ಚರ ಆಗ್ಯಾಳಂತ!" ಎಂದು ನಾನು ಮೊಬೈಲ್ ಕಸಿದು ಕೇಳಿ, ಕೂಗಿ ಹೇಳಿದ ಮೇಲೆಯೇ ಅವನು ತಂಬಿಗೆ ಕೆಳಗಿಟ್ಟ.