ಕಾಕಾನ ಕತ್ತರಿ, ನನ್ನ ರಬ್ಬರು

ನಮ್ಮೂರು ಇಂಡಿಯಿಂದ ಬಂದ ಲಿಂಬೆಯ ಡಬ್ಬ ಬಿಚ್ಚುವಾಗ ಇವತ್ತು ಬೆಳಿಗ್ಗೆ ಬೆರಳಿಗೆ ಮುಳ್ಳು ಚುಚ್ಚಿತು. ಹಣ್ಣಿನ ಜೊತೆ ಒಂದು ಸಣ್ಣ ರೆಂಬೆಯೂ ಬಂದಿತ್ತು. ಎಲೆ ಹಿಸುಕಿ ಮೂಸಿದೆ. ನೀವೂ ಒಮ್ಮೆ ಮೂಸಿ ನೋಡಿ, ವಯಸ್ಸು ಇಪ್ಪತ್ತು ವರ್ಷ ಕಡಿಮೆಯಾಗುತ್ತದೆ. ಮೊಣಕಾಲು ಮಾತ್ರ ನಂಬುವುದಿಲ್ಲ.

ಹೊಸ ಶತಮಾನ ಆಗಷ್ಟೇ ಶುರುವಾಗಿತ್ತು. ನಾನು ಎಂ.ಎಸ್ಸಿ. ಕೊನೆಯ ವರ್ಷ. ಮೆದುಳಿನಲ್ಲಿ ನರಕೋಶಗಳಿಗೆ ಆಸರೆಯಾಗಿ ನಿಲ್ಲುವ ನಕ್ಷತ್ರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಪೆನ್ಸಿಲಿನಲ್ಲಿ ಬರೆಯುವುದು ನನ್ನ ಕೆಲಸ. ಎಂಟು ಚಿತ್ರ. ಎಷ್ಟು ಚೊಕ್ಕವೆಂದರೆ, ನನ್ನದೇ ದೃಷ್ಟಿ ತಾಗೀತೆಂದು ಹೆದರುತ್ತಿದ್ದೆ! ಕೋಶದ ಸುತ್ತ ಹೊಗೆಯಂತೆ ಕವಿದಿದ್ದ ಸಣ್ಣ ಎಳೆಗಳನ್ನು ರಬ್ಬರಿನಿಂದ ಅಳಿಸಿ, ದಪ್ಪ ಕವಲುಗಳನ್ನಷ್ಟೇ ಉಳಿಸಿದ್ದೆ. ಲಿಂಬೆ ತೋಟದ ಮನೆಯವಳು ನಾನು. ಗಿಡದೊಳಗಿನ ಸಣ್ಣ ರೆಂಬೆ ಸವರುವುದನ್ನು ನೋಡುತ್ತಲೇ ಬೆಳೆದವಳ ಕೈಗೆ ಅದೇ ಚಟ.

ಒಪ್ಪಿಸಲು ಎಂಟು ದಿನವಿರುವಾಗ ನಮ್ಮ ಮೇಡಂ ಚಿತ್ರ ನೋಡಿ ಕನ್ನಡಕ ತೆಗೆದರು.

"ಸಣ್ಣ ಎಳಿ ಎಲ್ಲದಾವ? ನರಕೋಶ ಒಂದಕ್ಕೊಂದು ಸುದ್ದಿ ಮುಟ್ಟಿಸೋ ಸಂದಿಯೊಳಗ ಹೋಗಿ ಅಪ್ಪಿಕೊಳ್ಳೋದು ಅವ. ಅಲ್ಲಿ ಚೆಲ್ಲಿದ ರಾಸಾಯನಿಕ ಹೀರೋದು ಅವ. ಸುದ್ದಿ ಕೇಳಿಸ್ತು ಅನ್ನೋ ಗುರುತಿಗೆ ಮೊದಲು ಕ್ಯಾಲ್ಸಿಯಂ ಏರೋದೂ ಬಹಳ ಸಲ ಅಲ್ಲೇ. ನೀ ಕೋಶದ ಕಿವೀನ ಕೊಯ್ದೀಯಲ್ಲ! ಎಲ್ಲಾ ಮತ್ತ ಬರಿ, ಇಲ್ಲಾ ಮುಂದಿನ ವರ್ಷ ಬಾ."

ಅತ್ತುಬಿಟ್ಟೆ. ಅಳುತ್ತಲೇ ಬಸ್ಸು ಹತ್ತಿ ಇಂಡಿಗೆ ಹೋದೆ. ಇದ್ದ ಎಂಟು ದಿನದಲ್ಲಿ ಒಂದು ಹೀಗೆ ಹಾಳಾಯಿತು. ತೋಟದಲ್ಲಿ ಕಾಕಾ, ಅಂದರೆ ಅಪ್ಪನ ತಮ್ಮ, ಕತ್ತರಿ ಹಿಡಿದು ಒಂದು ಗಿಡದ ಮುಂದೆ ಸುಮ್ಮನೆ ನಿಂತಿದ್ದರು.

"ಏನ್ ಮಾಡಾಕತ್ತೀರಿ ಕಾಕಾ?"

"ನೋಡಾಕತ್ತೇನಿ."

ಗೋಳೆಲ್ಲ ತೋಡಿಕೊಂಡೆ. ಸಣ್ಣದನ್ನು ಕತ್ತರಿಸುವುದು ನಿಮ್ಮಿಂದಲೇ ಕಲಿತದ್ದು ಎಂದು ತಪ್ಪನ್ನೂ ಅವರ ತಲೆಗೇ ಕಟ್ಟಿದೆ. ಕಾಕಾ ಹೊಟ್ಟೆ ಹಿಡಿದು ನಕ್ಕರು.

"ಯವ್ವಾ, ಒಂದು ಟೊಂಗಿ ಕಡಿಯಾಕ ನಾ ಅರ್ಧ ತಾಸು ನೋಡ್ತೇನಿ. ಯಾವ್ದು ಒಣಗೈತಿ, ಯಾವ್ದು ಹೂ ಬಿಡ್ತೈತಿ ಅಂತ. ನೀ ಸಣ್ಣಾಕಿ ಇದ್ದಾಗ ಕತ್ತರಿ ಅಷ್ಟ ನೋಡಿದಿ. ನಾ ನೋಡೋದನ್ನ ನೋಡ್ಲಿಲ್ಲ."

ಮರುದಿನವೇ ವಾಪಸಾಗಿ ಸೂಕ್ಷ್ಮದರ್ಶಕದ ಮುಂದೆ ಕೂತೆ. ಮೊದಲ ಅರ್ಧ ತಾಸು ಪೆನ್ಸಿಲ್ ಮುಟ್ಟಲಿಲ್ಲ, ಬರೀ ನೋಡಿದೆ. ಹೊಗೆಯೆಂದುಕೊಂಡಿದ್ದು ನಿಧಾನಕ್ಕೆ ಎಳೆಎಳೆಯಾಗಿ ಬಿಡಿಸಿಕೊಂಡಿತು. ನಕ್ಷತ್ರ ಹೋಗಿ ಲಿಂಬೆಯ ಪೊದೆಯೇ ಆಯಿತು. ಆ ಖುಷಿ ಈಗಲೂ ನೆನಪಿದೆ. ಕೊನೆಯ ದಿನ ಎಂಟನೆಯ ಚಿತ್ರ ಮುಗಿಸಿ ಕೊಟ್ಟಾಗ ಮೇಡಂ ಸಹಿ ಹಾಕಿ, "ಈಗ ಇದು ಕೇಳಸ್ಕೊಳ್ತೈತಿ" ಎಂದರು.

ಈಗ ನಾನೇ ಮೇಡಂ. ಮೇಜಿನ ಮೇಲೆ ವಿದ್ಯಾರ್ಥಿನಿಯೊಬ್ಬಳ ಚಿತ್ರವಿದೆ. ಕೋಶದ ಒಂದು ಮೂಲೆಯಲ್ಲಿ ಏನೇನೋ ಗೀಚಿದ್ದಾಳೆ. ನಿನ್ನೆ ಅವಸರದಲ್ಲಿ ಅದರ ಪಕ್ಕ ಕೆಂಪು ಪೆನ್ಸಿಲಿನಲ್ಲಿ ಬರೆದಿದ್ದೆ: "ಕಸ. ಅಳಿಸು."

ಮುಳ್ಳು ಚುಚ್ಚಿದ ಬೆರಳು ಇನ್ನೂ ಉರಿಯುತ್ತಿತ್ತು. ರಬ್ಬರು ತೆಗೆದು ನನ್ನ ಎರಡೂ ಶಬ್ದಗಳನ್ನು ಅಳಿಸಿದೆ. ಆಮೇಲೆ ಅವಳಿಗೆ ಫೋನ್ ಮಾಡಿದೆ. "ಆ ಮೂಲೆಯಲ್ಲಿ ನಿನಗೇನು ಕಾಣಿಸಿತು? ನನಗೂ ತೋರಿಸು ಬಾ."